ಎಣಿಕೆ ಇಟ್ಟು ಹಂಚಿಕೊಂಡ ಸ್ಟ್ರಿಂಗ್: ಕೋಕಾ ಲಾಟು ಮಾತ್ರ ಯಾಕೆ ಕೆಡುತ್ತದೆ?

ಅಡಿಕೆಚೀಲ, ಶಿರಸಿ

ನಮ್ಮದು ಸಣ್ಣ ಅಡಿಕೆ ದಲಾಲಿ ಅಂಗಡಿ. ಲಾಟು (ಮಾರಾಟಕ್ಕೆ ಬಂದ ಅಡಿಕೆಯ ಒಂದೊಂದು ಗುಂಪು) ಬರೆದುಕೊಂಡು ಪಟ್ಟಿ ಮುದ್ರಿಸುವ ಪ್ರೋಗ್ರಾಂ ನಾನೇ ಸಿ ಭಾಷೆಯಲ್ಲಿ ಬರೆದದ್ದು. ಮೊದಲು ಪ್ರತಿ ಲಾಟಿನಲ್ಲೂ ಅಡಿಕೆ ನಮೂನೆಗೆ, ಊರಿಗೆ 24 ಬೈಟಿನ ಒಂದೊಂದು ಅರೇ, ಅಂದರೆ ಅಳತೆ ಗೊತ್ತುಮಾಡಿದ ಸಾಲು ಜಾಗ, ಇತ್ತು. ಇಂಗ್ಲಿಷಿನಲ್ಲಿ ಬರೆಯುವಾಗ ಸಾಕಾಗುತ್ತಿತ್ತು. ಕನ್ನಡಕ್ಕೆ ಬಂದ ಮೇಲೆ ಫಜೀತಿ. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ನಮ್ಮ ಒಂದೊಂದು ಕೋಡ್‌ಪಾಯಿಂಟಿಗೂ (ಅಕ್ಷರ, ಕೊಂಬು, ಸೊನ್ನೆ ಪ್ರತಿಯೊಂದಕ್ಕೂ) 3 ಬೈಟು ಅಲ್ವಾ? ‘ಕೆಂಪುಗೋಟು’ ಒಂದಕ್ಕೇ 27. ಪಟ್ಟಿಯಲ್ಲಿ ‘ಕೆಂಪುಗೋ’ ತನಕ ಬಂದು ಮುಂದೆ ಪ್ರಶ್ನೆ ಚಿಹ್ನೆ.

ಅದಕ್ಕೇ ಹಂಚಿಕೊಳ್ಳುವ ಸ್ಟ್ರಿಂಗ್ ಮಾಡಿದೆ: ಒಂದು ಹೆಸರು ಮೆಮೊರಿಯಲ್ಲಿ ಒಂದೇ ಕಡೆ, ಬೇಕಾದ ಲಾಟುಗಳೆಲ್ಲ ಅದನ್ನೇ ತೋರಿಸುತ್ತವೆ. ಸ್ಟ್ರಕ್ಟಿನಲ್ಲಿ 4 ಬೈಟು ಎಣಿಕೆ (ಎಷ್ಟು ಕಡೆ ಅದು ಬಳಕೆಯಲ್ಲಿದೆ ಎಂಬುದು), 4 ಬೈಟು ಉದ್ದ, ಕೊನೆಯಲ್ಲಿ ಅಳತೆ ಹೇಳದ ಕ್ಯಾರ್ ಅರೇ. ಎಲ್ಲ ಸೇರಿ ಒಂದೇ ಮ್ಯಾಲಕ್ (ಮೆಮೊರಿಯಲ್ಲಿ ಜಾಗ ಕೇಳುವ ಕರೆ). ‘ಹಿಡಿ’ ಎಂಬ ಫಂಕ್ಷನ್ ಎಣಿಕೆ ಏರಿಸುತ್ತದೆ, ‘ಬಿಡು’ ಇಳಿಸುತ್ತದೆ, ಸೊನ್ನೆಯಾದರೆ ಫ್ರೀ, ಅಂದರೆ ಜಾಗ ವಾಪಸ್. ಒಮ್ಮೆ ಹುಟ್ಟಿದ ಸ್ಟ್ರಿಂಗನ್ನು ಯಾರೂ ತಿದ್ದುವಂತಿಲ್ಲ. ಹೊಸ ಹೆಸರು ಬಂದರೆ ಹ್ಯಾಶ್ ಟೇಬಲ್ (ಇರುವ ಹೆಸರುಗಳನ್ನು ಬೇಗ ಹುಡುಕುವ ಕೋಷ್ಟಕ) ನೋಡಿ, ಇದ್ದರೆ ಅದನ್ನೇ ಕೊಡುತ್ತೇನೆ. ಟೇಬಲ್ಲಿನದ್ದು ಎಣಿಕೆಗೆ ಸೇರುವುದಿಲ್ಲ. ಸೊನ್ನೆಯಾದಾಗ ಅಲ್ಲಿಂದಲೂ ತೆಗೆಯುತ್ತೇನೆ.

ಅಡಿಕೆ ನಮೂನೆಗಳಲ್ಲಿ ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು ಎಲ್ಲ ಸರಿ. ಕೋಕಾ ಮಾತ್ರ ಕೈಕೊಡುತ್ತದೆ. ಮೊನ್ನೆ ಒಂದೇ ಒಂದು ಕೋಕಾ ಲಾಟು ಇತ್ತು. ತೂಕ ತಪ್ಪಿದೆ ಎಂದು ತಿದ್ದುವ ಪರದೆ ತೆರೆದೆ. ನಮೂನೆ ಮುಟ್ಟಲಿಲ್ಲ, ಸುಮ್ನೆ ಎಂಟರ್ ಒತ್ತಿದೆ. ಆಮೇಲೆ ಸೋಂದಾ ಎಂಬ ಹೊಸ ಊರಿನ ಒಂದು ಲಾಟು ಸೇರಿಸಿದೆ. ಪಟ್ಟಿ ತೆಗೆದರೆ ನಮೂನೆ: ‘ಸೋಂದಾ’! ಮಾವ ಚೀಟಿ ಹಿಡಿದು, “ಇದು ಯಾವ ನಮೂನೆ ಅಡಿಕೆ ಕೂಸೇ?” ಎಂದು ಕೇಳಿದರು. ನಗು ಬಂತು, ಹೊಟ್ಟೆಯೂ ಉರಿಯಿತು.

ಹೆಸರು ಬದಲಿಸುವ ಫಂಕ್ಷನ್ 3 ಸಾಲು: ಹಳೆಯದನ್ನು ಬಿಡು, ಹೊಸದನ್ನು ಹಿಡಿ, ಲಾಟಿನಲ್ಲಿ ಇಡು. ಇದರಲ್ಲಿ ತಪ್ಪೇನು?

ಬೆಟ್ಟದಂಚು, ಸಿದ್ದಾಪುರ

ಅಕ್ಕ, ಅಡಿಕೆ ಕೊನೆ ಇಳಿಸುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ದಾಟುವುದನ್ನು ನೋಡಿದ್ದೀರಲ್ಲ? ಆಚೆ ಮರ ಕೈಗೆ ಸಿಕ್ಕ ಮೇಲೇ ಈಚೆ ಮರ ಬಿಡುತ್ತಾನೆ. ನಿಮ್ಮ ಫಂಕ್ಷನ್ ಮೊದಲೇ ಕೈಬಿಡುತ್ತಿದೆ.

ನಮೂನೆ ಮುಟ್ಟದೆ ಎಂಟರ್ ಒತ್ತಿದಾಗ ಹಳೆಯದೂ ಹೊಸದೂ ಒಂದೇ ಪಾಯಿಂಟರ್ (ಮೆಮೊರಿಯ ಒಂದೇ ಜಾಗದ ವಿಳಾಸ). ರಾಶಿಯ ಎಣಿಕೆ ನೂರಾರು ಇರುತ್ತದೆ. ಒಂದು ಇಳಿದು ಒಂದು ಏರಿದರೆ ಏನೂ ಆಗದು. ಕೋಕಾ ಎಣಿಕೆ 1. ‘ಬಿಡು’ ಎಂದ ಕೂಡಲೇ ಸೊನ್ನೆ, ಫ್ರೀ ಆಯಿತು. ಆಮೇಲೆ ನೀವು ‘ಹಿಡಿ’ದದ್ದು ಫ್ರೀ ಆದ ಜಾಗವನ್ನು.

ಸೋಂದಾ ಯಾಕೆ ಬಂತು ಎಂಬುದೇ ಮಜಾ. ಕೋಕಾ 12 ಬೈಟು. ಹೆಸರು ಮುಗಿಯಿತೆಂದು ತೋರಿಸುವ ಕೊನೆಯ ಸೊನ್ನೆ 1, ಎಣಿಕೆ ಮತ್ತು ಉದ್ದ 8, ಒಟ್ಟು 21. ಸೋಂದಾ 15, ಹಾಗೇ ಕೂಡಿದರೆ 24. ನಿಮ್ಮದು 64 ಬಿಟ್ ಲಿನಕ್ಸ್ ಆದರೆ ಅಲ್ಲಿನ ಮ್ಯಾಲಕ್ ಎರಡಕ್ಕೂ ಒಂದೇ ಅಳತೆಯ ತುಂಡು ಕೊಡುತ್ತದೆ. ಈಗಷ್ಟೇ ಖಾಲಿಯಾದದ್ದನ್ನೇ ಮುಂದಿನವರಿಗೆ ಕೊಟ್ಟಿದೆ. ಅದೇ ಜಾಗಕ್ಕೆ ‘ಬನವಾಸಿ’ ಬರುತ್ತಿರಲಿಲ್ಲ, ಅದಕ್ಕೆ 27 ಬೇಕು.

ಸಾಲು ಅದಲುಬದಲು ಮಾಡಿ. ಡೀಬಗ್ ಮಾಹಿತಿ ಇಟ್ಟು ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಜೊತೆ ಒಮ್ಮೆ ಕಂಪೈಲ್ ಮಾಡಿ ನೋಡಿ, ತಪ್ಪಿದ ಸಾಲಿನ ಸಂಖ್ಯೆಯನ್ನೇ ಹೇಳುತ್ತದೆ.

ಕಾಳಿಹೊಳೆ, ಕಾರವಾರ

ಇಷ್ಟೆಲ್ಲ ಯಾಕೆ ಮಾರಾಯ್ರೆ? 40,000 ಲಾಟು ಇದ್ದರೂ, ಲಾಟಿಗೆ 64 ಬೈಟಿನ ಎರಡು ಅರೇ ಇಟ್ಟರೆ 5 ಎಂಬಿ ಚಿಲ್ಲರೆ. ನಮೂನೆ ಇರುವುದೇ ಎಂಟೋ ಹತ್ತೋ, ಅದಕ್ಕೆ ನಂಬರ್ ಕೊಟ್ಟರೆ ಮುಗಿಯಿತು.

ಇಲ್ಲ, ಇದೇ ದಾರಿ ಎಂದರೆ ಎರಡು ಮಾತು. ಒಳಗಿನ ಅಕ್ಷರಗಳನ್ನು ಕಾನ್ಸ್ಟ್ (ಓದಬಹುದು, ತಿದ್ದುವಂತಿಲ್ಲ) ಪಾಯಿಂಟರ್ ಆಗಿಯೇ ಹೊರಗೆ ಕೊಡಿ. ನಾನೊಮ್ಮೆ ದೋಣಿಗಳ ದಾಖಲೆಯಲ್ಲಿ ಹೆಸರಿನ ಕೊನೆಯ ಖಾಲಿ ಜಾಗ ತೆಗೆಯಲು ಅಲ್ಲೇ ಸೊನ್ನೆ ಬರೆದೆ. ಲೆಕ್ಕ ತಪ್ಪಿ ಒಂದು ಬೈಟು ಹಿಂದೆ ಬಿತ್ತು. ಒಂದು ದೋಣಿಯ ಹೆಸರು ತಿದ್ದಲು ಹೋಗಿ ಅದೇ ಹೆಸರಿನ ಎಲ್ಲ ದಾಖಲೆಯ ಬಾಲವೂ ಕತ್ತರಿಸಿತು. ಇನ್ನೊಂದು: ಥ್ರೆಡ್ (ಏಕಕಾಲಕ್ಕೆ ಓಡುವ ಕೆಲಸದ ಎಳೆ) ಬಂದರೆ ಸಿ11ರ (2011ರ ಸಿ ಮಾನಕದ) ಅಟಾಮಿಕ್, ಅಂದರೆ ನಡುವೆ ಯಾರೂ ಕೈಹಾಕಲಾಗದ, ಎಣಿಕೆ ಒಂದೇ ಸಾಲದು. ಒಂದು ಥ್ರೆಡ್ ಸೊನ್ನೆಗೆ ಇಳಿಸುವಾಗಲೇ ಇನ್ನೊಂದು ಟೇಬಲ್ಲಿನಲ್ಲಿ ಅದನ್ನೇ ಹುಡುಕಿ ಹಿಡಿಯಬಹುದು. ಇಳಿಸುವುದಕ್ಕೂ ಹುಡುಕುವುದಕ್ಕೂ ಒಂದೇ ಲಾಕ್ (ಒಮ್ಮೆಗೆ ಒಬ್ಬರನ್ನೇ ಬಿಡುವ ಬೀಗ) ಬೇಕು.

ಅಡಿಕೆಚೀಲ, ಶಿರಸಿ

ಸಿದ್ದಾಪುರದವರೇ, ಸಾಲು ತಿರುಗಿಸಿದೆ, ಕೋಕಾ ಕೋಕಾ ಆಗಿಯೇ ಉಳಿಯಿತು. ಹಳೆಯ ಕೋಡಿಗೆ ಸ್ಯಾನಿಟೈಸರ್ ಹಾಕಿ ನೋಡಿದೆ, ಸರಿಯಾಗಿ ‘ಹಿಡಿ’ ಸಾಲಿನಲ್ಲೇ ನಿಲ್ಲಿಸಿತು. ಹೋದ ವರ್ಷ ಬೆಟ್ಟೆಯೂ ಒಮ್ಮೆ ಹೀಗೇ ಮಾಡಿತ್ತು, ಕಂಪ್ಯೂಟರ್ ಹಳೆಯದಾಯಿತು ಎಂದು ಬೈದು ಸುಮ್ಮನಾಗಿದ್ದೆ.

ಕಾರವಾರದವರೇ, ನಮೂನೆಗೆ ನಂಬರ್ ಸರಿ. ಊರಿನ ಹೆಸರಿಗೆ, ಬೆಳೆಗಾರರ ಹೆಸರಿಗೆ ಏನು ಮಾಡಲಿ? ವಾರಕ್ಕೊಂದು ಹೊಸದು ಬರುತ್ತದೆ. ಥ್ರೆಡ್ ಇಲ್ಲ, ಇರುವುದು ಒಂದೇ ಕೀಬೋರ್ಡು. ಕಾನ್ಸ್ಟ್ ಮಾತ್ರ ಈಗಲೇ ಹಾಕಿದೆ. ಕಂಪೈಲರ್ 11 ಕಡೆ ಗೊಣಗಿತು, ಅದರಲ್ಲಿ 2 ಕಡೆ ನಾನೂ ನಿಮ್ಮ ಹಾಗೆ ಬಾಲ ಕತ್ತರಿಸುವವಳೇ ಇದ್ದೆ.