ಲಕ್ವಾ ಹೊಡೆದ ಅಪ್ಪ ಮಲಗಿದಲ್ಲಿಂದ ಏಳವಲ್ರು, ಏನ್ ಮಾಡ್ಬೇಕ್ರಿ?

ಪ್ರಶ್ನೆ (ಸಿಂಧನೂರು): ಮೇಡಂ, ಅಪ್ಪಗ ಬಲಗಡಿ ಲಕ್ವಾ ಹೊಡದು ಒಂಬತ್ ದಿನ ಆತು. ರಾಯಚೂರಿನ ಒಂದು ದವಾಖಾನ್ಯಾಗ ಅದಾರ. ಬಿಪಿ ಕಂಟ್ರೋಲಿಗೆ ಬಂದದ, ಕೂಡಸ್ರಿ, ನಡಸ್ರಿ ಅಂತ ಡಾಕ್ಟರೇ ಹೇಳ್ಯಾರ. ಫಿಜಿಯೋಥೆರಪಿಯವರು ದಿನಾ ಅರ್ಧ ತಾಸು ಮಾಡಿಸ್ತಾರ. ಆಮ್ಯಾಲ ಅಪ್ಪ ಗ್ವಾಡಿ ಕಡಿ ಮುಖ ಮಾಡಿ ಮಲಗಿಬಿಡ್ತಾರ. ಅವ್ವ ತುತ್ತು ಮಾಡಿ ಬಾಯಿಗಿಡ್ತಾಳ. ಏಳ್ರಿ ಅಂದ್ರ ಸಿಟ್ಟಿಗೇಳ್ತಾರ.

ಉತ್ತರ (ಫಿಜಿಯೋಥೆರಪಿಸ್ಟ್): ತಮ್ಮಾ, ವ್ಯಾಯಾಮ ಅನ್ನೋ ಮಾತೇ ಎತ್ತಬ್ಯಾಡ, ಕೆಲಸ ಕೊಡು. ಮೆಲ್ಬರ್ನ್‌ನ ಆಸ್ಪತ್ರೆಗಳಲ್ಲಿ ಲಕ್ವಾ ಆದವರ ಹಗಲು ಹೆಂಗ ಕಳಿತದ ಅಂತ ನೋಡಿದ ಅಧ್ಯಯನ 2004ರಲ್ಲಿ ಬಂತು. ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗಿ ಮ್ಯಾಲೆ, ಶೇಕಡಾ 60ರಷ್ಟು ಹೊತ್ತು ಒಬ್ಬರೇ. ನಮ್ಮ ಕಡಿ ಒಬ್ಬರೇ ಇರೋ ಮಾತೇ ಇಲ್ಲ, ಮಂಚದ ಸುತ್ತ ಐದು ಮಂದಿ. ಆದ್ರೂ ಪೇಷಂಟ್ ಅಲ್ಲಾಡಲ್ಲ. ಮುಖ ಒರಸೋದ್ರಿಂದ ಹಿಡಿದು ಎಲ್ಲಾ ಆ ಐದು ಮಂದೀನೇ ಮಾಡಿಬಿಡ್ತಾರಲ್ಲ!

ಊಟ ಕುರ್ಚಿ ಮ್ಯಾಲೆ ಆಗ್ಲಿ. ನುಂಗಾಕ ತೊಂದ್ರಿ ಇಲ್ಲ ಅಂತ ಡಾಕ್ಟರ್ ನೋಡ್ಯಾರಿಲ್ಲೋ ಕೇಳಿಕೋ. ಶೇಂಗಾ ಸುಲಿಯಾಕ ಕೊಡು, ಬಲಗೈಲೆ ಬಟ್ಟಲ ಒತ್ತಿ ಹಿಡಿಲಿ. ಕಾಲುವಿ ನೀರು, ಭತ್ತದ ರೇಟು ಕೇಳು. ಮಾತು ತಡದ್ರ ನೀನೇ ಪೂರ್ತಿ ಮಾಡಬ್ಯಾಡ, ಕಾಯಿ. ಎಬ್ಬಿಸುವಾಗ ಬಲಗೈ ಜಗ್ಗಬ್ಯಾಡ, ರಟ್ಟಿ ಕೀಲು ಸಡಿಲಾಗಿರ್ತದ. ಸ್ವಲ್ಪ ಸ್ವಲ್ಪ, ದಿನಕ್ಕ ನಾಕೈದು ಸರ್ತಿ. ಗ್ವಾಡಿ ಕಡಿ ತಿರುಗೋದು ಬರೇ ಹಟ ಆಗಿರಲಿಕ್ಕಿಲ್ಲ. ಲಕ್ವಾ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರ್ತದ. ಡಾಕ್ಟರಿಗೆ ಹೇಳು, ಔಷಧಿ ಅದ.

ಇನ್ನೊಬ್ಬರು (ಕೊಪ್ಪಳ): ನಮ್ಮ ಮಾವಗ ನಿನ್ನೆ ರಾತ್ರಿ ಆಗ್ಯದ್ರಿ. ಇವತ್ತೇ ನಡಸಬಹುದಾ?

ಉತ್ತರ: ಬ್ಯಾಡ್ರಿ. ಎರಡು ಸಾವಿರಕ್ಕೂ ಹೆಚ್ಚು ಮಂದಿ ಮ್ಯಾಲೆ ಮಾಡಿದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಮೊದಲ 24 ತಾಸಿನೊಳಗೇ ಶುರು ಮಾಡಿ ಭಾಳ ಹೊತ್ತು ಎಬ್ಬಿಸಿ ಓಡಾಡಿಸಿದವರು ಮೂರು ತಿಂಗಳ ಮ್ಯಾಲೆ ನೋಡಿದ್ರ ಉಳಿದವರಷ್ಟು ಚೇತರಿಸಿಕೊಂಡಿರಲಿಲ್ಲ. ಯಾವಾಗ ಎಬ್ಬಿಸಬೇಕು ಅಂತ ನಿಮ್ಮ ಡಾಕ್ಟರೇ ಹೇಳಲಿ.

ಪ್ರಶ್ನೆ ಕೇಳಿದವರು, ಮೂರು ದಿನದ ಮ್ಯಾಲೆ: ಮೇಡಂ, ಶೇಂಗಾ ಕೆಲಸ ಮಾಡ್ತು, ಅರ್ಧ ಸೇರು ಸುಲಿದಾರ. ಊಟದ್ದೇ ಗೊತ್ತಾತು ನೋಡ್ರಿ: ಮಂದಿ ಮುಂದ ಎಡಗೈಲೆ ಉಣ್ಣಾಕ ನಾಚಿಕಿ! ಅದಕ್ಕ ಅವ್ವನ ಕೈಲಿ ತಿಂತಿದ್ರು.

ಉತ್ತರ: ಅಯ್ಯೋ, ಇದನ್ನ ಮೊದಲೇ ನಾ ಕೇಳ್ಬೇಕಿತ್ತು. ಊಟದ ಹೊತ್ತಿಗೆ ಪರದೆ ಎಳಿರಿ, ಬಂದವರು ಹೊರಗ ನಿಲ್ಲಲಿ. ಚಮಚದ ಹಿಡಿಕಿಗೆ ಬಟ್ಟಿ ಸುತ್ತಿ ದಪ್ಪ ಮಾಡಿ ಬಲಗೈಯಾಗ ಕೊಡು, ಕೆಳಗ ನಿನ್ನ ಕೈ ಆಸರಿ ಇರ್ಲಿ. ನಾಕು ತುತ್ತು ಆದ್ರೂ ಸಾಕು, ಉಳಿದದ್ದು ಎಡಗೈಲೆ. ತಾಟು ಜಾರಬಾರ್ದು ಅಂತ ಕೆಳಗ ಒದ್ದಿ ಬಟ್ಟಿ ಹಾಸಾಕ ಅವ್ವಗ ಹೇಳು. ಆಕೀಗೂ ಒಂದು ಕೆಲಸ ಬೇಕಲ್ಲ.