ಹೋಮ್ ಹೆಲ್ತ್‌ನ ಮೊದಲ ಭೇಟಿಯ ಅಸೆಸ್‌ಮೆಂಟ್: ಕಲಿಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಹಲವು ವರ್ಷ ಮೆಡಿಕಲ್ ವಾರ್ಡಿನಲ್ಲಿ ದುಡಿದ ನಾನು, ಈಗ ಟೆಕ್ಸಾಸ್‌ನಲ್ಲಿ ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಒಂದು ಹೋಮ್ ಹೆಲ್ತ್ ಏಜೆನ್ಸಿಗೆ ಸೇರಿದ್ದೇನೆ. ಗಾಯದ ಡ್ರೆಸಿಂಗ್, ಇನ್ಸುಲಿನ್, ಕ್ಯಾತಿಟರ್ ಇವ್ಯಾವುವೂ ನನಗೆ ಹೊಸದಲ್ಲ. ಆದರೆ ರೋಗಿಯನ್ನು ಸೇವೆಗೆ ಸೇರಿಸಿಕೊಳ್ಳುವಾಗ ತುಂಬಬೇಕಾದ ಓಯಸಿಸ್ (OASIS) ಅಸೆಸ್‌ಮೆಂಟ್, ಅಂದರೆ ರೋಗಿಯ ಸ್ಥಿತಿ ಮತ್ತು ಸಾಮರ್ಥ್ಯವನ್ನು ದಾಖಲಿಸುವ ಫಾರ್ಮ್ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ರೋಗಿಗಳು ‘ಎಲ್ಲವನ್ನೂ ನಾನೇ ಮಾಡಿಕೊಳ್ಳುತ್ತೇನೆ’ ಎನ್ನುತ್ತಾರೆ, ಮನೆಯ ಸ್ಥಿತಿ ಬೇರೆಯೇ ಇರುತ್ತದೆ. ಹಾಗಿರುವಾಗ ಯಾವುದನ್ನು ಬರೆಯಬೇಕು? ಒಂದೇ ಚಟುವಟಿಕೆಯನ್ನು ಎರಡೆರಡು ಕಡೆ ಕೇಳುವುದೇಕೆ? ಎಲ್ಲವನ್ನೂ ಅದೇ ರಾತ್ರಿ ಮುಗಿಸಲೇಬೇಕೇ? ಅನುಭವವಿರುವ ಸಿಸ್ಟರ್‌ಗಳು ದಯವಿಟ್ಟು ತಿಳಿಸಿ.

ಉತ್ತರ 1

ಸಿಸ್ಟರ್, ವಾರ್ಡಿನ ಅಡ್ಮಿಷನ್‌ನಲ್ಲಿ ನಾವು ಕೇಳುತ್ತೇವೆ, ಹಾಸಿಗೆಯಲ್ಲಿರುವವರು ಹೇಳುತ್ತಾರೆ. ಮನೆಯಲ್ಲಿ ಮೊದಲು ಕಣ್ಣಾರೆ ನೋಡಿ, ಆಮೇಲೆ ಕೇಳಬೇಕು. ಓಯಸಿಸ್‌ಗೆ ಬೇಕಾಗಿರುವುದು ರೋಗಿ ಸುರಕ್ಷಿತವಾಗಿ ಏನು ಮಾಡಬಲ್ಲರು ಎಂಬ ನಿಮ್ಮ ತೀರ್ಮಾನ. ಲ್ಯಾಪ್‌ಟಾಪ್ ತೆರೆಯುವ ಮೊದಲೇ ‘ನಿಮ್ಮ ಬಾತ್‌ರೂಮ್ ಎಲ್ಲಿದೆ, ತೋರಿಸುತ್ತೀರಾ’ ಎಂದು ಕೇಳಿ ಅವರ ಜೊತೆಯಲ್ಲೇ ನಡೆಯಿರಿ. ಕುರ್ಚಿಯಿಂದ ಒಂದೇ ಸಲಕ್ಕೆ ಎದ್ದರೇ, ವಾಕರ್ ಇದ್ದೂ ಗೋಡೆ ಹಿಡಿದರೇ, ಹತ್ತಡಿ ನಡೆಯುವಷ್ಟರಲ್ಲಿ ಏದುಸಿರು ಬಂದಿತೇ, ಕಮೋಡಿನಿಂದ ಏಳುವಾಗ ಟವೆಲ್ ರಾಡಿಗೆ ಕೈ ಹೋಯಿತೇ, ಸ್ನಾನದ ಟಬ್ಬಿನ ಅಂಚು ದಾಟುವಷ್ಟು ಕಾಲು ಮೇಲೇಳುತ್ತದೆಯೇ ಎಂಬುದನ್ನು ಗಮನಿಸುತ್ತಾ ಹೋದರೆ, ನಡಿಗೆ, ಶೌಚ, ಸ್ನಾನ, ಉಸಿರಾಟದ ಪ್ರಶ್ನೆಗಳಿಗೆ ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ. ಪಾದ ಪರೀಕ್ಷಿಸಲು ಕಾಲುಚೀಲವನ್ನು ಅವರಿಂದಲೇ ತೆಗೆಸಿ, ಅವರಿಂದಲೇ ಹಾಕಿಸಿ. ಬಗ್ಗುವಾಗ ಅವರಿಗಾಗುವ ಕಷ್ಟ ಯಾವ ಬಾಯಿಮಾತಿಗಿಂತಲೂ ಸ್ಪಷ್ಟವಾಗಿರುತ್ತದೆ.

ಇಲ್ಲಿ ‘ಅಸೆಸ್‌ಮೆಂಟಿನ ದಿನ’ ಎಂದರೆ ನೀವು ಮನೆಯಲ್ಲಿರುವ ಹೊತ್ತು ಮತ್ತು ಅದರ ಹಿಂದಿನ 24 ಗಂಟೆಗಳು. ಆ ಅವಧಿಯಲ್ಲಿ ಸ್ಥಿತಿ ಏರುಪೇರಾಗಿದ್ದರೆ, ಅರ್ಧಕ್ಕಿಂತ ಹೆಚ್ಚು ಹೊತ್ತು ಹೇಗಿದ್ದರೋ ಅದನ್ನೇ ಬರೆಯಿರಿ. ಹಿರಿಯರ ಮನಸ್ಸಿಗೆ ನೋವಾದೀತೆಂದು ಇರುವುದಕ್ಕಿಂತ ಚೆನ್ನಾಗಿದೆ ಎಂದು ಬರೆದರೆ ಅವರಿಗೇ ಅನ್ಯಾಯವಾಗುತ್ತದೆ: ಬೇಕಾದ ಥೆರಪಿ, ಸಹಾಯಕರ ಭೇಟಿ ಯೋಜನೆಯಲ್ಲಿ ಸೇರದೆ ಹೋಗಬಹುದು, ಡಿಸ್ಚಾರ್ಜ್ ಹೊತ್ತಿಗೆ ಆದ ಸುಧಾರಣೆ ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಪಾವತಿಯ ಲೆಕ್ಕಾಚಾರದಲ್ಲಿಯೂ ಈ ಅಂಕಗಳು ಸೇರಿವೆ.

ಉತ್ತರ 2

ನನ್ನ ಮಟ್ಟಿಗೆ ಇಡೀ ಭೇಟಿಯಲ್ಲಿ ಅತಿ ಮುಖ್ಯವಾದುದು ಔಷಧಿ ಪರಿಶೀಲನೆ. ಅಡುಗೆಮನೆಯ ಶೆಲ್ಫ್, ಮಂಚದ ಪಕ್ಕ, ಫ್ರಿಜ್, ಕೈಚೀಲ, ಎಲ್ಲ ಕಡೆಯಿಂದಲೂ ಬಾಟಲಿಗಳನ್ನು ತರಿಸಿ, ಆಸ್ಪತ್ರೆಯ ಡಿಸ್ಚಾರ್ಜ್ ಪಟ್ಟಿಯೊಂದಿಗೆ ಒಂದೊಂದನ್ನೂ ತಾಳೆ ನೋಡಿ. ಆಸ್ಪತ್ರೆಯವರು ಕೊಟ್ಟ ಮೆಟೊಪ್ರೊಲಾಲ್ ಜೊತೆಗೆ ಮನೆಯಲ್ಲಿದ್ದ ಹಳೆಯ ಲೋಪ್ರೆಸರ್ (ಅದೇ ಔಷಧಿಯ ಬ್ರ್ಯಾಂಡ್ ಹೆಸರು) ಕೂಡ ಹೊಟ್ಟೆಗೆ ಹೋಗುತ್ತಿದ್ದರೆ, ಒಂದೇ ಔಷಧಿ ಎರಡು ಪಟ್ಟಾದಂತೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಮಂಡಿನೋವಿಗೆಂದು ಐಬುಪ್ರೊಫೇನ್ ನುಂಗುತ್ತಿದ್ದಾರೆಯೇ ಎಂದು ಕೇಳಲೇಬೇಕು, ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಇಂಥ ಗಂಭೀರ ವಿಷಯ ಕಂಡುಬಂದರೆ ವೈದ್ಯರಿಗೆ ತಿಳಿಸಿ, ಅವರು ಹೇಳಿದ ಕ್ರಮವನ್ನು ಮರುದಿನ ಮಧ್ಯರಾತ್ರಿಯೊಳಗೆ ಪೂರೈಸಿದ್ದರೆ ಮಾತ್ರ ಓಯಸಿಸ್‌ನಲ್ಲಿ ಇದರ ಬಗೆಗಿನ ಪ್ರಶ್ನೆಗೆ ‘ಹೌದು’ ಎಂದು ಬರೆಯಬಹುದು. ತಾವೇ ಮಾತ್ರೆ ತೆಗೆದುಕೊಳ್ಳಬಲ್ಲರೇ ಎಂಬುದಕ್ಕೆ ಬಾಟಲಿ ತೆರೆಸಿ, ಲೇಬಲ್ ಓದಿಸಿ ನೋಡಿ. ಅಲ್ಲಿ ಅಳೆಯುವುದು ಸಾಮರ್ಥ್ಯವನ್ನು. ಬೇಕೆಂದೇ ಮಾತ್ರೆ ಬಿಡುವವರ ವಿಷಯವನ್ನು ಆರೈಕೆಯ ಯೋಜನೆಯಲ್ಲಿ ಬರೆಯಿರಿ.

ಉತ್ತರ 3

ನಾನು ಏಜೆನ್ಸಿಯೊಂದರಲ್ಲಿ ಚಾರ್ಟ್ ಪರಿಶೀಲಿಸುವ ಕೆಲಸದಲ್ಲಿದ್ದೇನೆ. ಎರಡೆರಡು ಕಡೆ ಕೇಳುವ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು, ಏಕೆಂದರೆ ಆ ಎರಡು ಅಳತೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿವೆ. ಫಾರ್ಮಿನಲ್ಲಿ ದಿನನಿತ್ಯದ ಚಟುವಟಿಕೆಗಳನ್ನು ಕೇಳುವ ಎಂ 1800ರ ಸಾಲಿನ ಪ್ರಶ್ನೆಗಳಲ್ಲಿ 0 ಎಂದರೆ ಪೂರ್ತಿ ಸ್ವತಂತ್ರರು, ಅಂಕ ಏರಿದಂತೆ ಅವಲಂಬನೆ ಹೆಚ್ಚು. ಅಂಥ ಚಟುವಟಿಕೆಗಳನ್ನೇ ಮತ್ತೆ ಕೇಳುವ ಜಿಜಿ (GG) ವಿಭಾಗದಲ್ಲಿ 6 ಎಂದರೆ ಸ್ವತಂತ್ರರು, 1 ಎಂದರೆ ಪೂರ್ತಿ ಅವಲಂಬಿತರು. ಜಿಜಿಯಲ್ಲಿ 3 ಮತ್ತು 2ರ ನಡುವೆ ಸಂದೇಹ ಬಂದಾಗ, ಶ್ರಮದ ಅರ್ಧಕ್ಕಿಂತ ಹೆಚ್ಚು ಪಾಲು ಸಹಾಯಕರದ್ದೇ ಎಂದು ಕಂಡರೆ 2 ಬರೆಯಿರಿ.

ಸಮಯದ ಬಗ್ಗೆ ಹೇಳುವುದಾದರೆ, ರೆಫರಲ್ ಬಂದ ಅಥವಾ ರೋಗಿ ಮನೆಗೆ ಮರಳಿದ 48 ಗಂಟೆಗಳೊಳಗೆ, ಇಲ್ಲವೇ ವೈದ್ಯರು ಸೂಚಿಸಿದ ದಿನ ಮೊದಲ ಭೇಟಿ ಆಗಬೇಕು. ಪೂರ್ಣ ಅಸೆಸ್‌ಮೆಂಟಿಗೆ ಸೇವೆ ಆರಂಭವಾದ ದಿನದ ನಂತರ 5 ದಿನಗಳ ಅವಕಾಶವಿದೆ. ಆ ಅವಧಿಯಲ್ಲಿ ಫಿಸಿಯೋಥೆರಪಿಸ್ಟ್ ಕಂಡುಕೊಂಡದ್ದನ್ನೂ ಕೇಳಿ ತಿಳಿದು ಸೇರಿಸಬಹುದು. ಆದರೆ ಗಾಯದ ಅಳತೆ, ವೈಟಲ್ಸ್ (ನಾಡಿ, ರಕ್ತದೊತ್ತಡ ಮುಂತಾದವು), ಔಷಧಿಗಳ ಪಟ್ಟಿ ಇವನ್ನು ಆ ಮನೆಯಲ್ಲಿ ಕುಳಿತಿರುವಾಗಲೇ ಬರೆದು ಮುಗಿಸಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ನೆನಪಿನ ಪ್ರಶ್ನೆಗಳನ್ನು ಕೇಳುವಾಗ ಪಕ್ಕದಲ್ಲಿರುವ ಮಗಳೇ ಉತ್ತರ ಹೇಳಿಬಿಟ್ಟರೆ ಏನು ಮಾಡುವುದು?

ಉತ್ತರ 1

ಶುರುಮಾಡುವ ಮೊದಲೇ ‘ಈಗ ಸ್ವಲ್ಪ ಹೊತ್ತು ಅಮ್ಮನೇ ಹೇಳಲಿ, ಆಮೇಲೆ ನಿಮ್ಮ ಹತ್ತಿರ ಕೇಳುವುದು ಬಹಳವಿದೆ’ ಎಂದು ಮಗಳಿಗೆ ಗೌರವದಿಂದ ತಿಳಿಸಿ. ಇಸವಿ, ತಿಂಗಳು ತಪ್ಪಿದರೂ ತಿದ್ದಬೇಡಿ. ರೋಗಿಯ ಭಾಷೆ ನಿಮಗೆ ಬರದಿದ್ದರೆ ಮಗಳಿಂದ ಅನುವಾದ ಮಾಡಿಸದೆ ಏಜೆನ್ಸಿಯ ದುಭಾಷಿಯನ್ನು ಫೋನಿನಲ್ಲಿ ಕರೆಸಿಕೊಳ್ಳಿ. ಮನಸ್ಸಿನ ಬೇಸರದ ಪ್ರಶ್ನೆಗಳನ್ನು ಸಾಧ್ಯವಾದರೆ ರೋಗಿಯೊಬ್ಬರೇ ಇರುವಾಗ ಕೇಳಿ, ಏಕೆಂದರೆ ಮಕ್ಕಳ ಮುಂದೆ ಅನೇಕರು ಬಾಯಿ ಬಿಡುವುದಿಲ್ಲ. ಬದುಕು ಬೇಡವೆನಿಸಿದೆ ಎಂಬ ಮಾತು ಬಂದರೆ ಫಾರ್ಮ್ ಅನ್ನು ಅಲ್ಲಿಗೇ ಬಿಟ್ಟು, ಅವರನ್ನು ಒಂಟಿಯಾಗಿ ಬಿಡದೆ, ಆ ಮನೆಯಿಂದಲೇ ಮೇಲ್ವಿಚಾರಕರಿಗೂ ವೈದ್ಯರಿಗೂ ಕರೆ ಮಾಡಿ.