ನೀರಿನ ಟ್ಯಾಂಕ್ ತಾನಾಗೇ ಖಾಲಿ ಆಗ್ತಿದೆ, ಪಂಪ್ ನಿಲ್ಲಲ್ಲ – ಅರ್ಜೆಂಟ್

ಕೆರೆದಂಡೆ | ಶುಕ್ರವಾರ, ಬೆಳಿಗ್ಗೆ 6:12

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ನಲ್ಲಿ ಬಾಡಿಗೆಗೆ ತಗೊಂಡ ಮೋಟರ್‌ಹೋಮ್, ಹತ್ತು ದಿನ ಇಟಲಿ ಸರೋವರಗಳ ಸುತ್ತಾಟ. ನಾನು, ಮನೆಯವಳು, ನಾಲ್ಕು ವರ್ಷದ ಮಗ, ಊರಿಂದ ಬಂದಿರೋ ಅಮ್ಮ. ಗಾರ್ಡಾದಲ್ಲಿ ಮೂರು ದಿನ ಒಂದು ತಕರಾರಿಲ್ಲ.

ನಿನ್ನೆ ಸಂಜೆ ಟ್ಯಾಂಕ್ ಪೂರ್ತಿ ತುಂಬಿಸಿ ಮಲಗಿದ್ವಿ. ರಾತ್ರಿ ಮೂರಕ್ಕೆ ಪಂಪ್ ತನ್ನಷ್ಟಕ್ಕೆ ಗರ್ರ್ ಅಂತ ಶುರು. ಒಂದು ನಲ್ಲಿನೂ ತೆರೆದಿಲ್ಲ. ಕತ್ತಲಲ್ಲಿ ಎಲ್ಲ ನಲ್ಲಿ ತಡಕಿ ಬಿಗಿ ಮಾಡಿದೆ, ನಿಲ್ಲಲಿಲ್ಲ. ಕೊನೆಗೆ ಪಂಪ್ ಸ್ವಿಚ್ಚೇ ಆಫ್ ಮಾಡಿದೆ. ಅಷ್ಟರಲ್ಲಿ ಪ್ಯಾನೆಲ್ಲಿನಲ್ಲಿ ಕಾಲು ಟ್ಯಾಂಕ್ ತೋರಿಸ್ತಿತ್ತು. ಗಾಡಿ ಒಳಗೆ ನೆಲ ಒಣಗಿದೆ, ಬೀರು ಒಳಗೆ, ಸೀಟ್ ಕೆಳಗೆ ಎಲ್ಲೂ ಹನಿ ಇಲ್ಲ. ಬೆಳಿಗ್ಗೆ ಸ್ವಿಚ್ ಹಾಕಿದ್ರೆ ಮತ್ತೆ ಅದೇ ಗರ್ರ್.

ಬಾಡಿಗೆ ಕೊಟ್ಟವರು ಫೋನ್ ಎತ್ತುತ್ತಿಲ್ಲ. ಗಾಡಿ ಕೊಡೋವಾಗ ಇಪ್ಪತ್ತು ನಿಮಿಷದಲ್ಲಿ ಎಲ್ಲ ತೋರಿಸಿ ಕೀ ಕೈಗಿಟ್ಟು ಕಳಿಸಿದ್ರು. ಹಳೇ ಪಂಪ್ ಹಾಕಿ ಟೋಪಿ ಹಾಕಿದ್ದಾರೆ ಅನ್ಸುತ್ತೆ. ಗ್ಯಾಸ್ ಒಲೇನೂ ಸರಿ ಇಲ್ಲ, ನಿನ್ನೆ ಸಾರಿನ ಬೇಳೆ ಒಂದೂವರೆ ಗಂಟೆ ಆದ್ರೂ ಬೇಯಲಿಲ್ಲ. ಅಮ್ಮ ಸ್ನಾನ ಮಾಡದೆ ಒಲೆ ಮುಟ್ಟಲ್ಲ, ಹಾಗಾಗಿ ಈಗ ಕಾಫಿನೂ ಇಲ್ಲ. ದಯವಿಟ್ಟು ಬೇಗ ಯಾರಾದ್ರೂ ಹೇಳಿ.

ಪಂಪ್‌ಸೆಟ್_ಗೌಡ | 6:40

ಗುರುವೇ, ಕಣ್ಣು ಮುಚ್ಕೊಂಡು ಹೇಳ್ತೀನಿ, ಇದು ಪಂಪೇ. ಪ್ರೆಶರ್ ಸ್ವಿಚ್ ಇಲ್ಲಾಂದ್ರೆ ನೀರು ಹಿಂದಕ್ಕೆ ಬರದ ಹಾಗೆ ತಡೆಯೋ ನಾನ್-ರಿಟರ್ನ್ ವಾಲ್ವ್. ನಲ್ಲಿ ಮುಚ್ಚಿದಾಗ ಲೈನಲ್ಲಿ ಒತ್ತಡ ಏರಬೇಕು, ಏರಿದ ತಕ್ಷಣ ಸ್ವಿಚ್ ಕಟ್ ಆಗಬೇಕು. ಒತ್ತಡ ನಿಲ್ತಿಲ್ಲ ಅಂದ್ರೆ ವಾಲ್ವಿನಲ್ಲಿ ಕಸ ಕೂತಿದೆ. ಪಂಪ್ ಬಿಚ್ಚಿ, ಮುಂದಿನ ಫಿಲ್ಟರ್ ಬಟ್ಟಲು ತೊಳೀರಿ, ಒಳಗಿನ ರಬ್ಬರ್ ಪೊರೆ, ಅದೇ ಡಯಾಫ್ರಂ, ನೋಡಿ. ತಲೆ ಮೇಲೆ ಸಣ್ಣ ಸ್ಕ್ರೂ ಇರುತ್ತೆ, ಅದನ್ನ ಸ್ವಲ್ಪ ತಿರುಗಿಸಿ ಕಟ್-ಆಫ್ ಸರಿ ಮಾಡ್ಕೊಳ್ಳಿ. ನಮ್ಮ ತೋಟದ ಮೋಟ್ರಿಂದ ಹಿಡಿದು ಇಲ್ಲಿವರೆಗೂ ಇದೇ ಕಥೆ.

ಹೈಡಲ್‌ಬರ್ಗ್_ಹುಬ್ಬಳ್ಳಿ | 6:58

ಅಲ್ರಿ ಗೌಡ್ರ, ಪಂಪ್ ಓಡೇತಿ ಅಂದ್ರ ನೀರು ಎಲ್ಲ್ಯರ ಹೋಗಬೇಕಲ್ಲ. ಒಳಗ ಒಣಾ ಐತಿ ಅಂತಾರ, ಟ್ಯಾಂಕ್ ಖಾಲಿ ಅಂತಾರ. ವಾಲ್ವ್ ಕೆಟ್ರ ನೀರು ವಾಪಸ್ ಟ್ಯಾಂಕಿಗೇ ಹೋಗತೇತಿ, ಖಾಲಿ ಹೆಂಗ ಆಗತೇತಿ?

ಪಂಪ್‌ಸೆಟ್_ಗೌಡ | 7:03

ಆ ಪ್ಯಾನೆಲ್ ದೀಪ ನಂಬ್ಕೊಂಡು ಕೂತ್ರೆ ಆಯ್ತು ಕಥೆ. ಟ್ಯಾಂಕ್ ಸೆನ್ಸರ್‌ಗೆ ಪಾಚಿ ಹಿಡಿದ್ರೆ ತುಂಬಿದ ಟ್ಯಾಂಕೂ ಕಾಲು ಅಂತ ತೋರಿಸುತ್ತೆ. ಟ್ಯಾಂಕ್ ಖಾಲಿ ಆಗೇ ಇಲ್ಲ ಅಂತೀನಿ ನಾನು.

ಕುಡ್ಲದ_ಕ್ಯಾಂಪರ್ | 7:20

ಟ್ಯಾಂಕ್ ಪೂರ್ತಿ ತುಂಬಿಸಿ ಘಾಟಿ ಹತ್ತಿದ್ರಾ ಎಂತ ಮಾರಾಯ್ರೆ? 100 ಲೀಟರ್ ಅಂದ್ರೆ 100 ಕಿಲೋ. ನಾಲ್ಕು ಜನ, ಸಾಮಾನು, ಗ್ಯಾಸ್ ಸಿಲಿಂಡರ್ ಎಲ್ಲ ಸೇರಿಸಿದ್ರೆ 3.5 ಟನ್ ಮಿತಿ ಯಾವಾಗಲೋ ದಾಟಿ ಆಯ್ತು. ಆಸ್ಟ್ರಿಯಾದಲ್ಲೋ ಸ್ವಿಟ್ಜರ್ಲೆಂಡಲ್ಲೋ ತೂಕಕ್ಕೆ ನಿಲ್ಲಿಸಿದ್ರೆ ಪಂಪಿನ ಚಿಂತೆ ಮರೆತು ಹೋಗ್ತದೆ.

ಕೆರೆದಂಡೆ | 7:31

ಅಕ್ಕಿ ಹತ್ತು ಕಿಲೋ ಮಾತ್ರ ಇದೆ ಸರ್. ತೂಕದ ವಿಷಯ ಆಮೇಲೆ. ಗೌಡ್ರೇ, ಪಂಪ್ ಎಲ್ಲಿರುತ್ತೆ?

ಪಂಪ್‌ಸೆಟ್_ಗೌಡ | 7:35

ಟ್ಯಾಂಕ್ ಪಕ್ಕ, ಸೀಟಿನ ಕೆಳಗೆ. ಬಿಚ್ಚೋ ಮುಂಚೆ 12 ವೋಲ್ಟ್ ಮೇನ್ ಆಫ್ ಮಾಡಿ.

ಲಿಥಿಯಂ_ಬಸವ | 8:10

ನನ್ನ ಗಾಡಿಲಿ ಈ ತಲೆನೋವೇ ಇಲ್ಲ. ಸ್ವಂತ ಫಿಯಟ್ ಡುಕಾಟೊ ವ್ಯಾನ್, ಪಂಪಿಗೆ ಬೇರೆ ರಿಲೇ, ರಾತ್ರಿ ಹತ್ತಾದ್ರೆ ಮೊಬೈಲಿಂದಲೇ ಆಫ್. 200 ಆಂಪಿಯರ್-ಅವರ್ ಲಿಥಿಯಂ, ಮೇಲೆ 400 ವ್ಯಾಟ್ ಸೋಲಾರ್, ಇಂಡಕ್ಷನ್ ಒಲೆಯಲ್ಲಿ ದೋಸೆ. ಕಳೆದ ತಿಂಗಳು ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೇಲಿ 36 ತಿರುವನ್ನೂ ಮೂರನೇ ಗೇರ್ ಬಿಟ್ಟು ಇಳಿಸದೆ ಹತ್ತಿಸಿದೆ.

ಕುಡ್ಲದ_ಕ್ಯಾಂಪರ್ | 8:16

ಮೂರನೇ ಗೇರಲ್ಲಿ ಆ ಹೇರ್‌ಪಿನ್ನುಗಳನ್ನಾ? ಬಿಡಿ ಬಿಡಿ. ಅಂದಹಾಗೆ ಲಿಥಿಯಂ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡ್ಲಿಕ್ಕಿಲ್ಲ. ನಿಮ್ಮ ಬ್ಯಾಟರಿಗೆ ಹೀಟಿಂಗ್ ಉಂಟಾ?

ಲಿಥಿಯಂ_ಬಸವ | 8:19

ಇದೆ.

ಕೆರೆದಂಡೆ | 9:48

ಎರಡು ಗಂಟೆ ಕೂತು ಪಂಪ್ ಬಿಚ್ಚಿದೆ. ಸ್ಕ್ರೂಡ್ರೈವರ್ ಹಿಡಿಯೋಕೂ ಆಗದ ಹಾಗೆ ಬೆರಳು ಮರಗಟ್ಟಿ ಹೋಯ್ತು. ಫಿಲ್ಟರ್ ಸ್ವಚ್ಛ ಇದೆ, ಎರಡು ಮರಳು ಕಾಳು ಬಿಟ್ರೆ ಏನೂ ಇಲ್ಲ. ಸ್ಕ್ರೂ ಅತ್ತ ಇತ್ತ ತಿರುಗಿಸಿ ಮತ್ತೆ ಜೋಡಿಸಿದೆ. ಎರಡು ಕ್ಯಾನ್ ನೀರು ತಂದು ಹಾಕಿ ಸ್ವಿಚ್ ಒತ್ತಿದೆ. ಅದೇ ಗರ್ರ್. ಐದು ನಿಮಿಷದಲ್ಲಿ ಎರಡು ಕ್ಯಾನೂ ಮಾಯ. ಸೆನ್ಸರ್ ಸುಳ್ಳು ಹೇಳ್ತಿಲ್ಲ ಗೌಡ್ರೇ, ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ, ಟ್ಯಾಂಕಿನ ತಳ ಕಾಣ್ತಿದೆ.

ಇದರ ಮಧ್ಯೆ ಪಕ್ಕದ ಗಾಡಿಯ ಜರ್ಮನ್ ಅಜ್ಜ ಬಾಗಿಲು ಬಡಿದು, ಕೊಳಕು ನೀರು ನೆಲಕ್ಕೆ ಬಿಡಬಾರದು, ಮ್ಯಾನೇಜರಿಗೆ ಹೇಳ್ತೀನಿ ಅಂತ ಗದರಿ ಹೋದ. ನಾವು ಕೊಳಕು ನೀರಿನ ಟ್ಯಾಪ್ ಮುಟ್ಟೇ ಇಲ್ಲ. ನಮ್ಮ ಬಣ್ಣ ನೋಡಿ ಹೀಗೆ ಮಾಡ್ತಾರೋ ಏನೋ.

ಪಂಪ್‌ಸೆಟ್_ಗೌಡ | 9:55

ಹಂಗಾದ್ರೆ ಡಯಾಫ್ರಂ ಹರಿದಿದೆ. ಹೊಸ ಪಂಪೇ ಹಾಕ್ಬೇಕು.

ಕೊಪ್ಪದ_ಕೊಡೆ | 10:07

ಗೌಡ್ರೇ, ಒಂದು ನಿಮಿಷ ಸುಮ್ನಿರಿ. ಕೆರೆದಂಡೆಯವರೇ, ಸೆಪ್ಟೆಂಬರ್ ಕೊನೆ, ಗಾರ್ಡಾದಲ್ಲಿ ಜನ ಇನ್ನೂ ಈಜ್ತಾ ಇರ್ತಾರೆ. ಅಲ್ಲಿ ಬೆರಳು ಯಾಕೆ ಮರಗಟ್ಟುತ್ತೆ? ಬೇಳೆ ಯಾಕೆ ಬೇಯಲ್ಲ? ನೀವು ಈಗ ಇರೋದು ಎಲ್ಲಿ? ರಾತ್ರಿ ಹೀಟರ್ ಹಾಕಿದ್ರಾ?

ಕೆರೆದಂಡೆ | 10:12

ಲಿವಿನ್ಯೊ ಮೇಡಂ. ಹೇಳಲಿಲ್ವಾ? ನಿನ್ನೆ ಬೋರ್ಮಿಯೋ ಮೇಲೆ ಬಂದು ಫೊಸ್ಕಾನ್ಯೊ ಪಾಸ್ ದಾಟಿ ಇಳಿದ್ವಿ. ಡೀಸೆಲ್ ಸೋವಿ ಅಂತ ಯಾರೋ ಹೇಳಿದ್ರು. ಹೀಟರ್ ಹತ್ತು ಗಂಟೆಗೆ ಆಫ್ ಮಾಡ್ದೆ. ಮಗು ಇದೆ, ಮುಚ್ಚಿದ ಗಾಡೀಲಿ ರಾತ್ರಿಯೆಲ್ಲ ಗ್ಯಾಸ್ ಉರೀಬಾರ್ದು ಅಂತ ಅಮ್ಮ. ನಾಲ್ಕು ಕಂಬಳಿ ಹೊದ್ಕೊಂಡು ಮಲಗಿದ್ವಿ. ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಬೆಳ್ಳಗೆ ಇತ್ತು. ಅದಕ್ಕೂ ಪಂಪಿಗೂ ಏನು ಸಂಬಂಧ?

ಕೊಪ್ಪದ_ಕೊಡೆ | 10:31

ಅದೇ ಸಂಬಂಧ. ನಿಮ್ಮ ಪಂಪ್ ಚೆನ್ನಾಗಿದೆ, ಬಾಡಿಗೆಯವರು ಟೋಪಿನೂ ಹಾಕಿಲ್ಲ.

ಜರ್ಮನಿಯ ಬಾಡಿಗೆ ಗಾಡಿ ಅಂದ್ರೆ ಹೆಚ್ಚಾಗಿ ಟ್ರೂಮಾ ಕಾಂಬಿ ಇರುತ್ತೆ, ಮನೆ ಬೆಚ್ಚಗಿಡೋದೂ ಬಿಸಿನೀರು ಕಾಯಿಸೋದೂ ಒಂದೇ ಡಬ್ಬ. ಒಳಗೆ 10 ಲೀಟರ್ ನೀರು ನಿಂತಿರುತ್ತೆ. ಆ ನೀರು ಹೆಪ್ಪುಗಟ್ಟಿ ಬಾಯ್ಲರ್ ಒಡೀಬಾರ್ದು ಅಂತ ಪಕ್ಕದಲ್ಲಿ ಫ್ರಾಸ್ಟ್ ಕಂಟ್ರೋಲ್ ಅನ್ನೋ ವಾಲ್ವ್ ಇಟ್ಟಿದ್ದಾರೆ. ಅದರ ಹತ್ತಿರ ಸುಮಾರು 3 ಡಿಗ್ರಿಗೆ ಇಳಿದ್ರೆ ತಾನಾಗೇ ತೆರ್ಕೊಂಡು ನೀರನ್ನ ಗಾಡಿ ತಳದಿಂದ ಹೊರಗೆ ಬಿಡುತ್ತೆ. ಅದಕ್ಕೆ ಕರೆಂಟೂ ಬೇಡ, ನಿಮ್ಮ ಒಪ್ಪಿಗೆನೂ ಬೇಡ. ಲೈನಲ್ಲಿ ಒತ್ತಡ ಬಿದ್ದ ತಕ್ಷಣ ಪಂಪ್ ಯಾರೋ ನಲ್ಲಿ ತೆರೆದ್ರು ಅಂದ್ಕೊಳ್ಳುತ್ತೆ. ಅದು ತುಂಬಿಸುತ್ತೆ, ವಾಲ್ವ್ ಚೆಲ್ಲುತ್ತೆ. ಒಳಗೆ ಒಣಗಿದ್ದು ಅದಕ್ಕೇ. ಪಾಪ ಆ ಅಜ್ಜ ಗದರಿದ್ದೂ ಅದಕ್ಕೇ, ಅವರಿಗೆ ಕಂಡಿದ್ದು ನಿಮ್ಮ ಗಾಡಿ ಕೆಳಗಿನ ಹೊಳೆ.

ಗಾರ್ಡಾ ಸಮುದ್ರಮಟ್ಟದಿಂದ 65 ಮೀಟರ್, ಲಿವಿನ್ಯೊ 1816. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಲೆಕ್ಕ ಹಾಕಿದ್ರೂ ಹನ್ನೊಂದು ಡಿಗ್ರಿ ಹೋಯ್ತು, ಮೇಲೆ ಬಟ್ಟಲಿನಂಥ ಕಣಿವೆ, ರಾತ್ರಿ ತಣ್ಣನೆ ಗಾಳಿ ಅಲ್ಲೇ ಕೂರುತ್ತೆ. ಆ ಊರನ್ನ ಪುಟ್ಟ ಟಿಬೆಟ್ ಅಂತಾರೆ. ನೀರು ಅಲ್ಲಿ 94ರ ಹತ್ತಿರವೇ ಕುದಿಯುತ್ತೆ, ತೊಗರಿಬೇಳೆ ಬೇಯಬೇಕಾದ್ರೆ ಕುಕ್ಕರ್ ಬೇಕು. ಒಲೆ ಸರಿ ಇದೆ.

ಈಗ ಮಾಡಬೇಕಾದ್ದು: ಪಂಪ್ ಆಫ್ ಇರಲಿ. ಹೀಟರ್ ಜೋರಾಗಿ ಹಾಕಿ. ಬಾಯ್ಲರ್ ಇರೋ ಜಾಗ ಹುಡುಕಿ, ಬೀರು ತಳದಲ್ಲೋ ಮಂಚದ ಕೆಳಗೋ ಇರುತ್ತೆ. ಮುಚ್ಚಳ ತೆಗೆದಿಡಿ, ಬೆಚ್ಚನೆ ಗಾಳಿ ಒಳಗೆ ಹೋಗಲಿ. ವಾಲ್ವ್ 7 ಡಿಗ್ರಿ ದಾಟೋವರೆಗೆ ಮುಚ್ಚೋಕೆ ಬಿಡಲ್ಲ, ಎಷ್ಟೇ ಒತ್ತಿದ್ರೂ ಬಟನ್ ಚಿಮ್ಮಿ ಬರುತ್ತೆ. ಬೆಚ್ಚಗಾದ ಮೇಲೆ ವಾಲ್ವಿನ ಮೇಲಿರೋ ತಿರುಗಿಸೋ ಹಿಡಿಯನ್ನ ನೀರಿನ ಪೈಪಿನ ಗುಂಟ ನೇರ ಮಾಡಿ ಬಟನ್ ಒತ್ತಿ. ಟಕ್ ಅಂತ ಕೂತ್ರೆ ಆಯ್ತು. ಆಮೇಲೆ ನೀರು ತುಂಬಿಸಿ.

ಅಮ್ಮನಿಗೆ ಹೇಳಿ, ಆ ಹೀಟರ್ ಉರಿಯೋಕೆ ಗಾಳಿ ಎಳ್ಕೊಳ್ಳೋದೂ ಹೊರಗಿಂದ, ಹೊಗೆ ಬಿಡೋದೂ ಹೊರಗೆ. ರಾತ್ರಿ ಹಾಕ್ಕೊಂಡು ಮಲಗೋಕೇ ಮಾಡಿರೋದು ಅದು. ಗ್ಯಾಸ್ ಒಲೆ ಹಚ್ಚಿ ಚಳಿ ಕಾಯಿಸ್ಕೊಳ್ಳೋದು ಮಾತ್ರ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಗಾಡೀಲಿ ಇದೆಯಾ ನೋಡಿ.

ಹೈಡಲ್‌ಬರ್ಗ್_ಹುಬ್ಬಳ್ಳಿ | 10:36

ನೋಡ್ರಿ, ನೀರು ಎಲ್ಲ್ಯರ ಹೋಗಬೇಕು ಅಂತ ನಾ ಮೊದಲೇ ಹೇಳಿದ್ನಿಲ್ಲೋ!

ಕುಡ್ಲದ_ಕ್ಯಾಂಪರ್ | 10:50

ಇದಕ್ಕೆಲ್ಲ ಅಷ್ಟು ತಲೆಬಿಸಿ ಯಾಕೆ? ಬಟನ್ ಒತ್ತಿ ಹಿಡಿದು ಅದಕ್ಕೊಂದು ಬಟ್ಟೆ ಕ್ಲಿಪ್ ಸಿಕ್ಕಿಸಿ. ನಾನು ಐದು ವರ್ಷದಿಂದ ಹಾಗೇ ಮಾಡೋದು.

ಕೊಪ್ಪದ_ಕೊಡೆ | 10:54

ನಿಮ್ಮ ಸ್ವಂತ ಗಾಡಿಗೆ ಬೇಕಾದ್ರೆ ಮಾಡ್ಕೊಳ್ಳಿ. ರಾತ್ರಿ ಗ್ಯಾಸ್ ಮುಗಿದು ಹೀಟರ್ ನಿಂತ್ರೆ ಆ ಕ್ಲಿಪ್ಪೇ ಬಾಯ್ಲರ್ ಒಡೆಯೋದು. ಇವರದ್ದು ಬಾಡಿಗೆ ಗಾಡಿ, ಡೆಪಾಸಿಟ್ ಇದೆ.

ಕುಡ್ಲದ_ಕ್ಯಾಂಪರ್ | 11:01

ಹೊರಡುವಾಗ ತುಂಬಿದ ಸಿಲಿಂಡರ್ ಇಟ್ಟುಕೊಂಡ್ರೆ ಗ್ಯಾಸ್ ಯಾಕೆ ಮುಗೀತದೆ? ಐದು ವರ್ಷದಲ್ಲಿ ಒಂದು ಸಲವೂ ಒಡೆದಿಲ್ಲ.

ಹೈಡಲ್‌ಬರ್ಗ್_ಹುಬ್ಬಳ್ಳಿ | 11:09

ತುಂಬಿದ್ರ ಸಾಲೂದಿಲ್ರಿ, ಒಳಗ ಏನೈತಿ ಅನ್ನೂದೂ ನೋಡಬೇಕು. ಬ್ಯೂಟೇನ್ ಇದ್ರ ಸೊನ್ನೆ ಹತ್ರ ಆವಿ ಆಗೂದ ನಿಂತ್ಬಿಡತೇತಿ, ಸಿಲಿಂಡರ್ ತುಂಬಿದ್ರೂ ಒಲಿ ಹತ್ತೂದಿಲ್ಲ. ಪ್ರೊಪೇನ್ ಆದ್ರ ಮೈನಸ್ 42 ತನಕ ಚಿಂತಿ ಇಲ್ಲ. ಜರ್ಮನಿಯ ಬೂದು ಬಣ್ಣದ 11 ಕಿಲೋ ಸಿಲಿಂಡರ್ ಪ್ರೊಪೇನೇ. ದಕ್ಷಿಣಕ್ಕ ಹೋಗಿ ಸಿಕ್ಕಿದ್ದು ಬದಲಿ ಮಾಡ್ಕೊಂಡು ಬೆಟ್ಟ ಹತ್ತಿದವ್ರ ಕಥಿ ನನಗ ಗೊತ್ತೈತಿ. ಆ ಕಥಿ ನಂದ.

ಲಿಥಿಯಂ_ಬಸವ | 11:30

ನಂದು ಡೀಸೆಲ್ ಹೀಟರ್. ಗ್ಯಾಸ್ ಅನ್ನೋದೇ ಇಲ್ಲ ಗಾಡೀಲಿ.

ಕೆರೆದಂಡೆ | ಮಧ್ಯಾಹ್ನ 1:20

ಕೊಪ್ಪದ ಮೇಡಂ, ನಿಮ್ಮ ಹೊಟ್ಟೆ ತಣ್ಣಗಿರಲಿ. ವಾಲ್ವ್ ಮಂಚದ ಕೆಳಗೆ ಇತ್ತು, ಗಾಡಿ ಹಿಂದೆ ಸಾಮಾನಿಡೋ ಗರಾಜ್ ಬಾಗಿಲಿನ ಪಕ್ಕದಲ್ಲೇ, ಸಂದಿಯಿಂದ ಗಾಳಿ ಸುಯ್ಯ್ ಅಂತ ಬರ್ತಿತ್ತು. ಮೊದಲು ಒತ್ತಿದಾಗ ನೀವು ಹೇಳಿದ ಹಾಗೇ ಚಿಮ್ಮಿ ಬಂತು, ಮೂರು ಸಲ. ಹೀಟರ್ ಹಾಕಿ ಅಮ್ಮನ ಶಾಲು ಆ ಸಂದಿಗೆ ತುರುಕಿ ಮುಕ್ಕಾಲು ಗಂಟೆ ಕಾದ್ವಿ. ನಾಲ್ಕನೇ ಸಲ ಟಕ್ ಅಂತ ಕೂತುಬಿಡ್ತು. ಈಗ ಗಾಡಿ ಕೆಳಗೆ ಒಣಗಿದೆ. ಅಮ್ಮನ ಸ್ನಾನ ಆಯ್ತು, ಕಾಫಿ ಆಯ್ತು. ಅಜ್ಜನಿಗೂ ಒಂದು ಲೋಟ ಕೊಟ್ಟು ವಾಲ್ವ್ ತೋರಿಸಿದೆ. ಓ ಫ್ರಾಸ್ಟ್‌ವೆಖ್ಟರ್ (ಜರ್ಮನ್‌ನಲ್ಲಿ ಆ ವಾಲ್ವಿನ ಹೆಸರು) ಅಂತ ತಲೆ ಚಚ್ಕೊಂಡು ನಕ್ಕರು. ಬಣ್ಣದ ಮಾತು ವಾಪಸ್ ತಗೊಂಡೆ.

ಆದ್ರೆ ಹೊಸದೊಂದು ಶುರುವಾಗಿದೆ. ನಲ್ಲಿ ಮುಚ್ಚಿದ ಮೇಲೂ ಪಂಪ್ ಪ್ರತಿ ಎರಡು ನಿಮಿಷಕ್ಕೊಮ್ಮೆ ಟಕ್-ಟಕ್-ಟಕ್ ಅಂತ ಕೆಮ್ಮುತ್ತೆ. ಬೆಳಿಗ್ಗೆ ತಿರುಗಿಸಿದ ಸ್ಕ್ರೂ ಇರಬೇಕು. ಯಾವ ಕಡೆಗೆ ಎಷ್ಟು ಸುತ್ತು ತಿರುಗಿಸಿದೆ ಅಂತ ನೆನಪಿಲ್ಲ.

ಕೊಪ್ಪದ_ಕೊಡೆ | 1:34

ಬಿಚ್ಚಿ ಜೋಡಿಸಿದ ಪೈಪ್ ಸರಿಯಾಗಿ ಕೂತಿದೆಯಾ ಮೊದಲು ನೋಡಿ, ಹನಿ ಜಿನುಗ್ತಿದ್ರೂ ಹಾಗೇ ಆಗುತ್ತೆ. ಅದು ಸರಿ ಇದ್ರೆ ಸ್ಕ್ರೂ ಕಾಲು ಸುತ್ತು ಮಾತ್ರ ತಿರುಗಿಸಿ ಕಾದು ನೋಡಿ. ಇವತ್ತು ರಾತ್ರಿನೂ ಅಲ್ಲೇ ಉಳಿದ್ರೆ ಹೀಟರ್ 16ಕ್ಕೆ ಇಟ್ಟು ಮಲಗಿ, ಶಾಲು ತೆಗೀಬೇಡಿ.

ಕೆರೆದಂಡೆ | 1:41

ಪೈಪ್ ಒಣಗಿದೆ. ಸ್ಕ್ರೂ ಎಡಕ್ಕೆ ಕಾಲು ಸುತ್ತು ಹಾಕಿದೆ, ಈಗ ಐದು ನಿಮಿಷಕ್ಕೊಮ್ಮೆ ಕೆಮ್ಮುತ್ತೆ. ಸಾಕು, ನಾಳೆ ಕೊಮೊಗೆ ಇಳೀತೀವಿ. ಗೌಡ್ರೇ ಇದ್ದೀರಾ?

ಪಂಪ್‌ಸೆಟ್_ಗೌಡ | ಸಂಜೆ 6:15

ಡ್ಯೂಟಿ ಮೇಲಿದ್ದೆ. ಐದು ನಿಮಿಷಕ್ಕೊಮ್ಮೆ ಅಂದ್ರೆ ಲೈನಲ್ಲಿ ಒತ್ತಡ ನಿಧಾನಕ್ಕೆ ಇಳೀತಿದೆ. ಪಂಪಿನ ಫೋಟೋ ಹಾಕಿ ಗುರುವೇ. ಅದು ನಾನ್-ರಿಟರ್ನ್ ವಾಲ್ವೇ.